ನಾಗಕ್ಕನ ಬಳಚು

ಹೊಸ ಆ್ಯಪ್ ಒಂದು ಬಂದಿದೆ ಎಂದು ತಿಳಿದರೆ ಜಯಂತಿಯ ಕೈ ಸುಮ್ಮನಿರುತ್ತಿರಲಿಲ್ಲ. ಮಗಳು ಪ್ರೇಕ್ಷಾ ನರ್ಸಿಂಗ್ ಓದಲು ಹುಬ್ಬಳ್ಳಿಗೆ ಹೋದ ಮೇಲೆ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಹಗಲು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಗಂಡ ಸುಜಯ ಬೆಳಿಗ್ಗೆ ಅಣು ವಿದ್ಯುತ್ ಸ್ಥಾವರದ ವರ್ಕ್‌ಶಾಪಿಗೆ ಹೋದರೆ ಬರುವುದು ಸಂಜೆಗೆ. ಅಡುಗೆ ಮುಗಿಸಿ, ಬಟ್ಟೆ ಒಣಹಾಕಿ, ಅವಳು ಮೊಬೈಲು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಮೊದಲು ಮಾಡಿದ್ದು ಬ್ಲಾಗು. ಪುಕ್ಕಟೆ ಸಿಗುವ ಜಾಗದಲ್ಲಿ ‘ಹಿತ್ತಲ ಬಾಗಿಲು’ ಎಂದು ಹೆಸರಿಟ್ಟು ತವರೂರು ಕದ್ವಾಡದ ಗದ್ದೆಯ ಬಗ್ಗೆ, ಬಸಳೆ ಚಪ್ಪರದ ಬಗ್ಗೆ ಬರೆದಳು. ಓದುತ್ತಿದ್ದವರು ಪ್ರೇಕ್ಷಾ, ಕದ್ವಾಡದ ಇಬ್ಬರು ಅತ್ತಿಗೆಯರು, ಮತ್ತೆ ಸುಜಯ. ಸುಜಯ ಯಾವುದನ್ನು ಓದಿದರೂ “ಚಲೋ ಅದೆ” ಎನ್ನುತ್ತಿದ್ದ. ಬ್ಲಾಗು ಸಾಕೆನಿಸಿ ಸಣ್ಣ ವೀಡಿಯೊ ಮಾಡಲು ಹೊರಟಳು. ಅಲ್ಲಿ ಕೈ ನಡುಗಿ ಚಿತ್ರವೂ ನಡುಗಿತು, ಪಕ್ಕದ ಮನೆಯ ಮಿಕ್ಸರ್ ಸದ್ದಿನಲ್ಲಿ ಅವಳ ಮಾತು ಮುಳುಗಿತು.

“ಅಮ್ಮ, ಈಗ ಹೊಸದೊಂದು ಬಂದದೆ,” ಎಂದಳು ಪ್ರೇಕ್ಷಾ ಫೋನಿನಲ್ಲಿ. “ನೀನು ಹೆಂಗೆ ಮಾತಾಡಿದ್ರೂ ಅದೇ ಹೊರಗಿನ ಸದ್ದು ತೆಗೀತದೆ, ಭಾಷೆ ಸರಿ ಮಾಡ್ತದೆ, ಚಂದದ ದನಿ ಹಾಕ್ತದೆ. ಕೆಳಗೆ ಅಕ್ಷರನೂ ಬರ್ತದೆ.”

“ಮತ್ತೆ ನಾನು ಎಂತ ಮಾಡೂದು?”

“ನೀನು ಬಟನ್ ಒತ್ತೂದು.”

ಆ ಆ್ಯಪನ್ನು ಇಳಿಸಿಕೊಂಡ ಮಾರನೆಯ ದಿನವೇ ಮೀನಿನ ನಾಗಕ್ಕ ಬಂದಳು. ನಾಗಕ್ಕ ಕಾರವಾರದವಳು. ಬಂದರಿನಲ್ಲಿ ಮೀನು ಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಮಲ್ಲಾಪುರಕ್ಕೆ ಬರುವುದು ಅವಳಿಗೆ ಬಹಳ ವರ್ಷದ ರೂಢಿ. ಬುಟ್ಟಿ ಖಾಲಿಯಾದ ಮೇಲೆ ಜಯಂತಿಯ ಮನೆಯ ಹಿತ್ತಲಲ್ಲಿ ಕೂತು ಚಾ ಕುಡಿದೇ ಅವಳು ತಿರುಗಿ ಬಸ್ಸು ಹತ್ತುತ್ತಿದ್ದದ್ದು. ಜಯಂತಿಯನ್ನು ಅವಳು ಕರೆಯುವುದು ‘ಬಾಯಿ’ ಎಂದು, ಅಮ್ಮಾವರೇ ಎನ್ನುವ ಹಾಗೆ. ಅವತ್ತು ಚಾ ಕುಡಿಯುತ್ತ, ಅಂಕೋಲೆ ಕಡೆಯ ತನ್ನ ತವರು ಮಂಜಗುಣಿಯ ಸುದ್ದಿ ತೆಗೆದಳು. ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ, ಮರಳಿನಡಿ ಸಿಗುವ, ಬೇಯಿಸಿ ತಿನ್ನುವ ಚಿಪ್ಪುಮೀನು ಬಳಚನ್ನು ಹೆಕ್ಕಲು ತಾಯಿ ತನ್ನನ್ನೂ ಅಕ್ಕ ಹೊನ್ನುವನ್ನೂ ಕರೆದೊಯ್ಯುತ್ತಿದ್ದ ಸುದ್ದಿ.

“ನಾಗಕ್ಕ, ಸ್ವಲ್ಪ ನಿಲ್ಲು. ಇದನ್ನ ಮೊಬೈಲಲ್ಲಿ ತೆಗೀಲಾ? ಜನ ನೋಡ್ತಾರೆ.”

“ತೆಗೀರಿ ಬಾಯಿ. ನಂದೇನು ಹೋಗ್ತದೆ?” ಎಂದು ನಾಗಕ್ಕ ಸೆರಗು ಸರಿಮಾಡಿಕೊಂಡಳು. “ಮೋರೆ ಮಾತ್ರ ಚಲೋ ಬರ್ಬೇಕು.”

ಮತ್ತೆ ಮೊದಲಿನಿಂದ ಹೇಳಿದಳು. ಹೇಳಿ ಮುಗಿದ ಮೇಲೆ ಜಯಂತಿ ಬಟನ್ ಒತ್ತಿದಳು. ಆ್ಯಪು ನಾಗಕ್ಕನ ಮುಖದ ಸುಕ್ಕನ್ನೆಲ್ಲ ತೆಗೆದು ತೋರಿಸಿತು. ನಾಗಕ್ಕ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ ನಕ್ಕಳು.

“ಇದು ನಾ ಮದುವೆಯಾಗಿ ಬಂದಾಗಿನ ಮೋರೆ ಬಾಯಿ. ಇದನ್ನೇ ಇಡಿ.”

ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಳು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಜಯಂತಿ ವೀಡಿಯೊವನ್ನು ಪೂರ್ತಿ ಕೇಳದೆಯೇ ಹಾಕಿಬಿಟ್ಟಳು.

ಮರುದಿನ ಬೆಳಿಗ್ಗೆ ಮೊಬೈಲು ತೆಗೆದರೆ ಅವಳಿಗೆ ತನ್ನ ಖಾತೆಯೇ ಗುರುತು ಹತ್ತಲಿಲ್ಲ. ಯಾರ್‍ಯಾರೋ ಎಲ್ಲೆಲ್ಲಿಂದಲೋ ಬರೆದಿದ್ದರು. ‘ಈ ತಾಯಿಯ ಪಾದಕ್ಕೆ ನಮಸ್ಕಾರ.’ ‘ಇಂಥ ಕಾವ್ಯ ಯಾವ ಪುಸ್ತಕದಲ್ಲಿದೆ?’ ‘ಕಣ್ಣು ತುಂಬಿ ಬಂತು.’ ಜಯಂತಿ ಚಾ ಲೋಟ ಪಕ್ಕಕ್ಕಿಟ್ಟು ವೀಡಿಯೊ ಹಾಕಿದಳು. ಸುಕ್ಕಿಲ್ಲದ ನಾಗಕ್ಕನ ಬಾಯಿಂದ ರೇಡಿಯೋದವರಂಥ ಮೆತ್ತನೆಯ ದನಿ ಬರುತ್ತಿತ್ತು. ಕೆಳಗೆ ಅಕ್ಷರಗಳು ಓಡುತ್ತಿದ್ದವು.

‘ಸೂರ್ಯ ಹುಟ್ಟುವ ಮೊದಲು ತಾಯಿ ನಮ್ಮಿಬ್ಬರನ್ನು ನದಿಗೆ ಕರೆದುಕೊಂಡು ಹೋಗುತ್ತಿದ್ದಳು. ಸೊಂಟದವರೆಗಿನ ನೀರಿನಲ್ಲಿ ನಿಂತು ನಾವು ಕಾಲ್ಬೆರಳಿನಿಂದ ಬೆಳಕನ್ನು ಹುಡುಕುತ್ತಿದ್ದೆವು. ಬುಟ್ಟಿ ತುಂಬ ಬೆಳಕನ್ನು ಹೆಕ್ಕಿ ಮನೆಗೆ ತರುತ್ತಿದ್ದೆವು. ಆ ದಿನ ಮನೆಯಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ.’

ಬಳಚು ಎಂಬ ಮಾತು ಆ್ಯಪಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಬೆಳಕನ್ನು ಅಲ್ಲಿ ಕೂರಿಸಿತ್ತು. ಜಯಂತಿಗೆ ಮೊದಲು ನಗು ಬಂತು. ಇನ್ನೊಮ್ಮೆ ಕೇಳಿದಾಗ ನಗು ಬರಲಿಲ್ಲ, ಚಂದವೇ ಅನ್ನಿಸಿತು. ಮೂರನೆಯ ಸಲ ಕೇಳುವಾಗ, ಇದನ್ನು ತಾನೇ ಬರೆದಿದ್ದರೆ ಎಷ್ಟು ಚಲೋ ಇತ್ತು ಎಂದು ಒಳಗೇ ಆಸೆಯಾಯಿತು.

“ತಪ್ಪು ಬಂದದೆ ರೀ,” ಎಂದು ರಾತ್ರಿ ಊಟದ ಹೊತ್ತಿಗೆ ಸುಜಯನಿಗೆ ತೋರಿಸಿದಳು. “ಸರಿ ಮಾಡ್ಬೇಕು.”

ಸುಜಯ ಅನ್ನಕ್ಕೆ ಸಾರು ಕಲೆಸುತ್ತ ಪೂರ್ತಿ ಕೇಳಿದ. “ಇರ್ಲಿ ಬಿಡು ಮಾರಾಯ್ತಿ. ಯಾರಿಗೆ ಲುಕ್ಸಾನು? ಇಷ್ಟು ಜನ ಖುಷಿಪಟ್ಟಿದ್ದಾರೆ. ನಾಗಕ್ಕಂಗೂ ಹೆಸರು ಬಂತು.”

ಅದೂ ನಿಜವೇ ಅನ್ನಿಸಿತು. ಮರುದಿನ ಬೆಂಗಳೂರಿನ ಯಾವುದೋ ಮಹಿಳಾ ಸಂಘದವರು, ‘ಬೆಳಕು ಹೆಕ್ಕಿದ ತಾಯಿ’ ಎಂಬ ಸಾಲನ್ನು ತಮ್ಮ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಬಹುದೇ ಎಂದು ಕೇಳಿ ಬರೆದರು. ಜಯಂತಿ ಉತ್ತರ ಬರೆಯಲು ಕೂತಳು, ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ನಾಗಕ್ಕ ಬಂದಾಗ ಕೇಳಿದರಾಯಿತು ಎಂದುಕೊಂಡು ಮೊಬೈಲು ಮಗುಚಿಟ್ಟಳು.

ನಾಗಕ್ಕ ಮತ್ತೆ ಬಂದದ್ದು ವಾರದ ಕೊನೆಗೆ. ಬುಟ್ಟಿ ಇಳಿಸಿದವಳು ಚಾ ಬೇಡ ಎಂದಳು. ಅವಳು ಚಾ ಬೇಡ ಅಂದದ್ದು ಅದೇ ಮೊದಲು.

“ಬಾಯಿ, ಅವತ್ತು ನಾ ಎಂತ ಹೇಳ್ದೆ?”

“ಯಾಕೆ ನಾಗಕ್ಕ?”

“ಬೇಲೇಕೇರಿಯಿಂದ ಅಕ್ಕ ಫೋನ್ ಮಾಡಿತ್ತು. ಬೈತು. ಅದ್ಕೆ ಕಣ್ಣು ಕಾಣೂದು ಕಡಿಮೆ, ಸೊಸೆ ಹಾಕಿ ಕೇಳ್ಸಿತಂತೆ. ‘ನಾಗಿ ದನಿ ಅಲ್ಲ ಇದು, ಅದ್ಕೆ ಎಂತ ಆಯ್ತು’ ಅಂತ ಹೆದರ್ಕೊಂಡು ಕೇಳ್ತು. ಆಮೇಲೆ, ‘ಆಯಿ ಬೆಳಕು ಹೆಕ್ತಿತ್ತು ಅಂತ ಯಾಕೆ ಹೇಳ್ದೆ, ಆಯಿಗೆ ಮರುಳು ಹಿಡ್ದಿತ್ತೇನೆ’ ಅಂತ ಬೈತು. ನಂಗೆ ಒಂದೂ ತಿಳೀಲಿಲ್ಲ.”

ಜಯಂತಿ ಮೊಬೈಲು ತಂದು ವೀಡಿಯೊ ಹಾಕಿದಳು. ಅವತ್ತು ನಾಗಕ್ಕ ನೋಡಿದ್ದು ಮೋರೆ ಮಾತ್ರ, ದನಿ ಕೇಳಿರಲಿಲ್ಲ. ಈಗ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದಳು. ಆಮೇಲೆ ಅಂಗೈಯಿಂದ ಮೊಣಕಾಲು ಉಜ್ಜಿಕೊಳ್ಳುತ್ತ ಕೂತಳು. ಸಿಟ್ಟು ಬಂದಂತೆ ಕಾಣಲಿಲ್ಲ.

“ದನಿ ಚಂದ ಅದೆ,” ಎಂದಳು. “ಯಾರ್ದು?”

“ಯಾರದ್ದೂ ಅಲ್ಲ. ಮಶೀನಿಂದು.”

“ಹೌದಾ.” ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಬೆಳಕು ತಿಂದ್ರೆ ಹೊಟ್ಟೆ ತುಂಬ್ತದಾ ಬಾಯಿ? ಆಯಿ ಕಾಲೆಲ್ಲ ಚಿಪ್ಪು ತಾಗಿ ಕೊಯ್ದು ಹೋಗ್ತಿತ್ತು. ದೋಣಿಗೆ ಮೀನು ಸಿಗದಿದ್ದ ದಿನ ಅದೇ ಬಳಚು ಬೇಯ್ಸಿ ನಮಗೆ ಹಾಕ್ತಿತ್ತು. ಕಡೆಗೆ ಬೇಯ್ಸಿದ ನೀರು ಮಾತ್ರ ಆಯಿ ಕುಡೀತಿತ್ತು. ಅದು ನಾ ಅವತ್ತು ಹೇಳ್ಲಿಲ್ಲ.”

ಸಂಘದವರ ಕ್ಯಾಲೆಂಡರಿನ ವಿಷಯವನ್ನು ಜಯಂತಿ ಎತ್ತಲೇ ಇಲ್ಲ. “ನಾನು ತೆಗೆದು ಹಾಕ್ತೆ,” ಎಂದಳು.

“ತೆಗೀರಿ. ಆದ್ರೆ ಅಕ್ಕ ಒಪ್ಪುದಿಲ್ಲ. ಅದು ಸರೀಗಿ ಹೇಳ್ಬೇಕಂತೆ. ನಾ ಹೇಳಿದ್ರಲ್ಲೂ ತಪ್ಪು ಅದೆಯಂತೆ.”

ಆ ಭಾನುವಾರ ಇಬ್ಬರೂ ಬೇಲೇಕೇರಿಗೆ ಹೊರಟರು. ಜಯಂತಿ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನಾಗಕ್ಕ ಬುಟ್ಟಿಯಿಲ್ಲದೆ, ಇಸ್ತ್ರಿ ಮಾಡಿದ ಸೀರೆ ಉಟ್ಟು ನಿಂತಿದ್ದಳು. ಅಂಕೋಲೆ ಬಸ್ಸು ಹಿಡಿದು ಅವರ್ಸಾದಲ್ಲಿ ಇಳಿದು ಅಲ್ಲಿಂದ ರಿಕ್ಷಾ ಮಾಡಿದರು. ದಾರಿಯುದ್ದಕ್ಕೂ ನಾಗಕ್ಕ ಮೀನಿನ ದರವನ್ನಲ್ಲದೆ ಬೇರೇನೂ ಮಾತಾಡಲಿಲ್ಲ.

ಹೊನ್ನು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ತಂಗಿಯ ಚಪ್ಪಲಿ ಸದ್ದಿಗೇ ಮುಖ ಎತ್ತಿದಳು.

“ನಾಗಿಯನೇ?”

“ಹೌದೇ ಅಕ್ಕ.”

“ಹಾಂ, ಇದು ನಿನ್ನ ದನಿ,” ಎಂದು ಹೊನ್ನು ಪಕ್ಕದ ಜಾಗ ತಟ್ಟಿ ತೋರಿಸಿದಳು. ಜಯಂತಿಯ ಕಡೆ ತಿರುಗಿ, “ನೀವೇನಾ ಮೊಬೈಲಿನ ಬಾಯಿ? ಕೂತ್ಕೊಳ್ಳಿ. ಸೊಸೆ ಚಾ ತರ್ತದೆ.”

ಜಯಂತಿ ಚಾ ಕುಡಿದು, ದನಿ ಬದಲಿಸುವ, ಭಾಷೆ ತಿದ್ದುವ, ಸದ್ದು ತೆಗೆಯುವ ಬಟನ್ನುಗಳನ್ನೆಲ್ಲ ಹುಡುಕಿ ಹುಡುಕಿ ಬಂದ್ ಮಾಡಿದಳು. ಮೊಬೈಲನ್ನು ಇಬ್ಬರ ನಡುವೆ ಒಂದು ಮಣೆಯ ಮೇಲೆ ಇಟ್ಟಳು.

ನಾಗಕ್ಕ ಶುರು ಮಾಡಿದಳು. ಎರಡು ಮಾತಿಗೇ ಹೊನ್ನು ತಡೆದಳು.

“ಸೂರ್ಯ ಹುಟ್ಟೂ ಮೊದ್ಲು ಅಂತ ಯಾರು ಹೇಳ್ದರು? ನೀರು ಇಳ್ದಾಗ ಹೋಗೂದು. ಒಂದೊಂದು ದಿನ ಮಧ್ಯಾಹ್ನ ಇಳೀತಿತ್ತು.”

“ನಂಗೆ ಬೆಳಿಗ್ಗೆ ಹೋದದ್ದೇ ನೆನಪು.”

“ನಿಂಗೆ ನಿದ್ದೆ ಬಿಟ್ಟಿರ್ತಿರಲಿಲ್ಲ, ಅದ್ಕೆ ಎಲ್ಲ ಬೆಳಿಗ್ಗೆನೇ ಕಾಣ್ತಿತ್ತು.”

ಜಯಂತಿ ನಗು ತಡೆದುಕೊಂಡಳು. ಅಕ್ಕತಂಗಿಯರು ಬುಟ್ಟಿಯ ಬಗ್ಗೆ ಜಗಳಾಡಿದರು, ಸಾರಿಗೆ ಹುಣಸೆಯೋ ಮುರುಗಲವೋ ಎಂದು ಜಗಳಾಡಿದರು. ತಾಯಿ ಬೇಯಿಸಿದ ನೀರು ಕುಡಿಯುತ್ತಿದ್ದ ಮಾತು ಬಂದಾಗ ಮಾತ್ರ ಜಗಳ ನಿಂತಿತು. ಹೊನ್ನು ಕೈ ಚಾಚಿ, ತಡವರಿಸಿ, ತಂಗಿಯ ಮೊಣಕೈ ಹಿಡಿದುಕೊಂಡಳು.

“ನೀನು ಸಣ್ಣದು. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ.”

“ಗೊತ್ತಿತ್ತು.”

ಅಂಗಳದಲ್ಲಿ ಯಾರೋ ಬೈಕು ನಿಲ್ಲಿಸಿದರು, ಕೋಳಿ ಕೂಗಿತು, ಒಳಗಿನಿಂದ ಕುಕ್ಕರು ಸೀಟಿ ಹಾಕಿತು. ಮೊಬೈಲು ಎಲ್ಲವನ್ನೂ ಹಿಡಿದುಕೊಳ್ಳುತ್ತ ಹೋಯಿತು.

ಮನೆಗೆ ಬಂದು ಜಯಂತಿ ‘ಹಿತ್ತಲ ಬಾಗಿಲು’ ತೆರೆದಳು. ಬಹಳ ದಿನ ಮುಟ್ಟದೆ ಬಿಟ್ಟ ಬ್ಲಾಗು. ಸಣ್ಣ ವೀಡಿಯೊಗೆ ಒಗ್ಗುವ ಸಾಮಾನಲ್ಲ ಇದು, ಕತ್ತರಿಸುವ ಮನಸ್ಸೂ ಅವಳಿಗಿರಲಿಲ್ಲ. ಇಬ್ಬರ ದನಿಯನ್ನೂ ಇದ್ದ ಹಾಗೇ ಹಾಕಿದಳು. ಮೇಲೆ ನಾಲ್ಕು ಸಾಲು ಬರೆದಳು: ಮೊದಲಿನ ವೀಡಿಯೊದಲ್ಲಿ ಬೆಳಕು ಎಂದು ಬಂದದ್ದು ತಪ್ಪು, ಅದು ಬಳಚು, ದನಿಯೂ ನಾಗಕ್ಕನದಲ್ಲ, ಕೇಳಿ ನೋಡದೆ ಹಾಕಿದ್ದು ನಾನು. ಬರೆದದ್ದನ್ನು ಸುಜಯನಿಗೆ ಓದಿ ಹೇಳಿದಳು. ಈ ಸಲ ಅವನು ‘ಚಲೋ ಅದೆ’ ಎನ್ನಲಿಲ್ಲ. “ಬಳಚು ಅಂದ್ರೆ ಎಂತದು ಅಂತ ಹೊರಗಿನವರಿಗೆ ತಿಳೀಬೇಕಲ್ಲ, ಅದೊಂದು ಸಾಲು ಹಾಕು,” ಎಂದ. ಹಾಕಿದಳು.

ಹಳೆಯ ವೀಡಿಯೊ ತೆಗೆದಳು. ಅಷ್ಟರಲ್ಲಿ ಅದು ಯಾರ್‍ಯಾರದೋ ಗೋಡೆಗೆ ಹೋಗಿ ಕೂತಿತ್ತು, ಅಲ್ಲಿಂದ ಎಬ್ಬಿಸುವ ದಾರಿ ಇರಲಿಲ್ಲ. ಕ್ಯಾಲೆಂಡರಿನ ಸಂಘಕ್ಕೆ ನಿಜ ಸಂಗತಿ ಬರೆದಳು. ಬೆಳಕೇ ಇರಲಿ, ಚಂದವಿದೆ, ಹೆಸರು ಹಾಕುವುದಿಲ್ಲ ಎಂದು ಅವರು ಉತ್ತರಿಸಿದರು. ಬೇಡ ಎಂದು ಜಯಂತಿ ಇನ್ನೊಮ್ಮೆ ಬರೆದಳು. ಆಮೇಲೆ ಅವರಿಂದ ಮಾತಿಲ್ಲ.

ಮೊದಲು ಕಣ್ಣೀರು ಹಾಕಿದವರಲ್ಲಿ ಕೆಲವರಿಗೆ ಬೇಸರವಾಯಿತು. ‘ನೀವು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಒಬ್ಬರು ಬರೆದರು. ಹೆಚ್ಚಿನವರು ಏನನ್ನೂ ಬರೆಯದೆ ಬೇರೆ ಕಡೆ ಹೋದರು. ಎರಡು ದಿನ ಜಯಂತಿಗೂ ಕಸಿವಿಸಿಯಾಯಿತು. ಬೆಳಿಗ್ಗೆ ಎದ್ದು ಮೊಬೈಲು ನೋಡಿದರೆ ಎಲ್ಲ ಶಾಂತ. ಹಬ್ಬ ಮುಗಿದ ಮನೆಯ ಹಾಗೆ.

ಆಮೇಲೆ ಬ್ಲಾಗಿನ ಕೆಳಗೆ ಒಂದೊಂದೇ ಉತ್ತರ ಬರತೊಡಗಿತು. ಕಾರವಾರದ ಕೇಶವ ಎಂಬವರು ತಮ್ಮ ಮನೆಯಲ್ಲಿ ಇದಕ್ಕೆ ಖುಬೆ ಎನ್ನುತ್ತಾರೆಂದು ಬರೆದರು. ಮಂಗಳೂರಿನ ಹೆಂಗಸೊಬ್ಬಳು ಮರುವಾಯಿ ಎಂದಳು. ರಾಮನಗುಳಿಯ ಯಶೋದಾ ಎಂಬ ಟೀಚರು, ಸಮುದ್ರದಿಂದ ದೂರ, ಗಂಗಾವಳಿಯ ಮೇಲ್ಗಡೆಯ ತಮ್ಮೂರಲ್ಲಿ ಬಳಚು ಇಲ್ಲ, ಆದರೆ ಅಜ್ಜಿ ಅಳಿವೆಯ ಕಡೆಯವಳು, ಕುಕ್ಕರಿನ ಸೀಟಿಯ ನಡುವೆ ಆ ಇಬ್ಬರ ಜಗಳ ಕೇಳಿ ಅಜ್ಜಿಯ ಮಾತು ಕೇಳಿದಂತಾಯಿತು ಎಂದು ಉದ್ದಕ್ಕೆ ಬರೆದಿದ್ದರು. ಜಯಂತಿ ಅದನ್ನು ಎರಡು ಸಲ ಓದಿ, ಕೂತು ಅಷ್ಟೇ ಉದ್ದದ ಉತ್ತರ ಬರೆದಳು.

ನಾಗಕ್ಕ ಬಂದಾಗ ಇದನ್ನೆಲ್ಲ ಓದಿ ಹೇಳಿದಳು. ನಾಗಕ್ಕ ಚಾಕ್ಕೆ ಬಿಸ್ಕೀಟು ಅದ್ದುತ್ತ ಕೇಳಿದಳು. ಬ್ಲಾಗಿನಲ್ಲಿ ಹಾಕಿದ ಫೋಟೊ ತೋರಿಸಿದಾಗ ಮಾತ್ರ ಹುಬ್ಬು ಗಂಟಿಕ್ಕಿದಳು. ಬೇಲೇಕೇರಿಯ ಜಗುಲಿಯಲ್ಲಿ ತೆಗೆದ ಅಕ್ಕತಂಗಿಯರ ಫೋಟೊ, ಸುಕ್ಕು, ಬೆವರು ಎಲ್ಲ ಇದ್ದ ಹಾಗೇ ಇದ್ದವು.

“ಇದು ಯಾಕೆ ಬಾಯಿ? ಆ ಮೋರೆ ಎಲ್ಲಿ ಹೋಯ್ತು?”

“ದನಿ ನಿಂದೇ ಇಟ್ಟಿದ್ದೆ, ಹಂಗಾಗಿ ಮೋರೆನೂ ನಿಂದೇ ಇರ್ಲಿ ಅಂತ…”

“ದನಿ ನಂದೇ ಇರ್ಲಿ. ಮೋರೆ ಅದನ್ನೇ ಹಾಕಿ.”

ಜಯಂತಿ ಅವಳೆದುರಿಗೇ ಕೂತು ಆ ಫೋಟೊದಲ್ಲೇ ಅವಳ ಸುಕ್ಕು ತೆಗೆದಳು. ಹೊನ್ನುವಿನ ಮುಖದ್ದೂ ಸ್ವಲ್ಪ ತೆಗೀರಿ, ಅಕ್ಕನಿಗೆ ಗೊತ್ತಾದರೆ ಮತ್ತೆ ಬೈಗುಳ ಎಂದು ನಾಗಕ್ಕ ಹೇಳಿದ ಮೇಲೆ ಅದನ್ನೂ ಮಾಡಿದಳು.

ನಾಗಕ್ಕ ಬಸ್ಸಿಗೆ ಹೋಗಿ ಸ್ವಲ್ಪ ಹೊತ್ತಿಗೆ ಫೋನು ಬಂತು. ಹೊನ್ನುವಿನ ಸೊಸೆ ನಂಬರು ಹಚ್ಚಿ ಅತ್ತೆಯ ಕೈಗೆ ಕೊಟ್ಟಿದ್ದಳು.

“ಬಾಯಿ, ನಾನು ಹೊನ್ನು. ಮೊನ್ನೆ ಹೇಳಿದ್ದು ಸಾಲ್ಲಿಲ್ಲ. ನಮ್ಮ ಆಯಿ ಮಂಜಗುಣಿಗೆ ಮದುವೆಯಾಗಿ ಬಂದ ಸುದ್ದಿ ಅದೆ, ಹೊಳೆ ದಾಟೂ ತಾರಿ ದೋಣಿ ಮಗುಚಿದ ಸುದ್ದಿ ಅದೆ. ನೀವು ಇನ್ನೊಮ್ಮೆ ಬನ್ನಿ.”

“ಬರ್ತೆ ಹೊನ್ನಕ್ಕ. ನಾಗಕ್ಕಂಗೂ ಹೇಳ್ತೆ.”

ಆ ಕಡೆ ಹೊನ್ನು ಸ್ವಲ್ಪ ಯೋಚಿಸಿದಳು.

“ನಾಗಿನ ಕರ್ಕೊಂಡು ಬರ್ಬೇಡಿ,” ಎಂದಳು. “ಅದು ನಡುನಡುವೆ ಮಾತಾಡ್ತದೆ.”