ನಡುವಿನಿಂದ ಕತ್ತರಿಸಿದ ಸ್ಯಾಟಿನ್

"ಅಂಚಿನಿಂದ ಕತ್ತರಿಸಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ ಕಣೇ! ನಡುವಿಂದ! ದೊಡ್ಡ ಪಾತ್ರೆ ಮುಚ್ಚಳ ಇಟ್ಟು, ಗೆರೆ ಎಳೆದು, ಹೊಟ್ಟೆ ಭಾಗಾನೇ ದುಂಡಗೆ ತೆಗೆದಿದ್ದೀಯಲ್ಲ, ನಿನ್ನ ಕೈಗೆ ಕತ್ತರಿ ಕೊಟ್ಟೋರ್ಯಾರು?"

ದರ್ಜಿ ತೂತು ಬಿದ್ದ ನೇರಳೆ ಸ್ಯಾಟಿನ್ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಆ ತೂತಿನೊಳಗಿಂದ ಹೆಂಡತಿಯ ಮುಖ ಕಾಣುತ್ತಿತ್ತು. ಅವಳ ತಲೆಯ ಮೇಲೆ ಅದೇ ಸ್ಯಾಟಿನ್ನಿನ ಟೋಪಿ. ಎದ್ದವಳು ಇನ್ನೂ ತೆಗೆದಿರಲಿಲ್ಲ.

"ಅಂಚೆಲ್ಲ ನೂಲು ಬಿಟ್ಟಿತ್ತು. ನನ್ನ ತಲೆಗೇನು ಚಿಂದಿ ಸಾಕಾ?"

"ದಿಂಬಿನ ಮೇಲೆ ಬರಿದಲೆ ಇಡೋಕೆ ಏನು ದಾಡಿ?"

"ಆ ಹತ್ತಿ ದಿಂಬು ಕುಡುಕ ಕಣ್ರೀ. ರಾತ್ರಿ ಕೂದಲಿಗೆ ಹಚ್ಚಿದ ನೀರು, ಎಣ್ಣೆ ಎಲ್ಲಾ ಬೆಳಗಾಗೋದ್ರೊಳಗೆ ಹೀರಿರುತ್ತೆ. ಎದ್ದು ನೋಡಿದ್ರೆ ನನ್ನ ತಲೆ ಪೊರಕೆ, ದಿಂಬು ನುಣ್ಣಗೆ. ಗುಂಗುರು ಕೂದಲಿರೋದು ನನಗಾ, ದಿಂಬಿಗಾ?"

"ಗಿಡಕ್ಕೆ ನೀರು ಹಾಕ್ದಂಗೆ ತಲೆಗೆ ಹಾಕಿ ಮಲಗೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು!"

"ಮೂವತ್ತು ವರ್ಷದಿಂದ ಊರಿಗೆಲ್ಲ ಹೊಲಿದ್ರಿ. ನನಗೊಂದು ಟೋಪಿ ಹೊಲಿದ್ರಾ? ಕೇಳಿ ಕೇಳಿ ಸಾಕಾಗಿ ನಾನೇ ಹೊಲ್ಕೊಂಡೆ."

ದರ್ಜಿಗೆ ಯಾವಾಗಲೂ ಕೋಪ ಮೂಗಿನ ತುದಿಯಲ್ಲೇ. ಇವತ್ತು ಮೂಗನ್ನೂ ದಾಟಿತ್ತು. ಆ ಬಟ್ಟೆ ವಕೀಲಮ್ಮನ ಕೋಟಿನ ಲೈನಿಂಗು. ತೋಳಿಗೆ ಹಾಕಿ ಆಗಿತ್ತು, ಬೆನ್ನಿಗೆ ಬಾಕಿ. ಹತ್ತು ಗಂಟೆಗೆ ಆಕೆ ಬರುವವರು, ಬೇರೆ ಬಟ್ಟೆ ತರಲು ಹೊತ್ತಿಲ್ಲ. ಎರಡು ವರ್ಷದಿಂದ ಗುಂಡಿ, ಜಿಪ್ಪು ಬಿಟ್ಟರೆ ಬೇರೆ ಕೆಲಸ ಕಾಣದ ಅಂಗಡಿಗೆ ಬಂದ ಮೊದಲ ಕೋಟು ಅದು. ಅದೊಂದು ಒಪ್ಪಿಗೆಯಾದರೆ ಕೋರ್ಟಿನ ಕರಿಕೋಟೆಲ್ಲ ತನ್ನ ಬಾಗಿಲಿಗೇ ಬರುತ್ತದೆ, ಜನ ತನ್ನನ್ನು ಮತ್ತೆ ಕೋಟಿನ ದರ್ಜಿ ಎನ್ನುತ್ತಾರೆ ಎಂಬ ಆಸೆಯಲ್ಲಿ ಅವನು ಎಂಟು ದಿನ ಕೂತ ಜಾಗದಿಂದ ಎದ್ದಿರಲಿಲ್ಲ.

ಬೆನ್ನಿಗೆ ಲೈನಿಂಗು ಇಲ್ಲದೆಯೇ ಕೋಟಿಗೆ ಇಸ್ತ್ರಿ ಹಾಕಿ ತೂಗುಬಿಟ್ಟ.

ವಕೀಲಮ್ಮ ಬಂದರು. ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು. ಭುಜ ಅಚ್ಚು ಹೊಯ್ದ ಹಾಗೆ ಕೂತಿತ್ತು. ದರ್ಜಿಗೆ ಹೋದ ಜೀವ ಬಂತು.

"ಬೆನ್ನಿಗೆ ಲೈನಿಂಗ್ ಎಲ್ರೀ?"

"ಗಾಳಿ ಆಡ್ಲಿ ಅಂತ ಬಿಟ್ಟೆ ಮೇಡಂ. ಕೋರ್ಟಲ್ಲಿ ಸೆಖೆ ಅಲ್ವಾ?"

ಆಗಲೇ ಹೆಂಡತಿ ಒಳಗಿಂದ ಟೀ ತಂದಳು, ತಲೆಯ ಟೋಪಿ ಸಮೇತ. ವಕೀಲಮ್ಮ ತೋಳು ಮಡಚಿ ಒಳಗಿನ ನೇರಳೆ ನೋಡಿದರು, ಅವಳ ತಲೆ ನೋಡಿದರು, ಮತ್ತೆ ತೋಳು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ದರ್ಜಿ ತೂತಿನ ಬಟ್ಟೆಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದ.

"ಆ ಟೋಪಿ ತೆಗೀರಮ್ಮ."

ತೆಗೆದಳು. ಮೆತ್ತಗೆ ಮಿರುಗುವ ಸುರುಳಿಗಳು ಹೆಗಲ ಮೇಲೆ ಇಳಿದವು. ವಕೀಲಮ್ಮನದೂ ಗುಂಗುರೇ, ಆದರೆ ಕಾಗೆಯೂ ಬೇಡವೆಂದು ಬಿಟ್ಟುಹೋದ ಗೂಡಿನಂತಿತ್ತು.

"ಏನ್ ಮಾಡ್ತೀರಿ ಇದಕ್ಕೆ?"

"ಮಲಗೋ ಮುಂಚೆ ಕೈ ಒದ್ದೆ ಮಾಡ್ಕೊಂಡು ಸವರೋದು, ತುದಿಗೆ ನಾಲ್ಕು ಹನಿ ಎಣ್ಣೆ, ನೆತ್ತಿ ಮೇಲೆ ಸಡಿಲವಾಗಿ ಕಟ್ಟಿ ಮೇಲೊಂದು ಈ ಟೋಪಿ. ನುಣುಪು ಬಟ್ಟೆ ಏನೂ ಹೀರಲ್ಲ."

"ಇನ್ನೂ ಬಟ್ಟೆ ಇದೆಯಾ?"

"ಓ, ಮೇಜಿನ ಕೆಳಗೇ ಇದೆ."

ದರ್ಜಿ ಗಂಟಲು ಸರಿಮಾಡಿಕೊಂಡ. "ಮೇಡಂ, ಭುಜ ನೋಡಿದ್ರಾ? ಕಾಲರ್ ಒಳಗೆಲ್ಲ ಕೈಹೊಲಿಗೆ."

"ಇರ್ಲಿ ಬಿಡ್ರೀ, ಕರಿಕೋಟು ಯಾರು ಹೊಲಿದ್ರೂ ಕರೀದೇ. ನಮ್ಮ ಕೋರ್ಟಲ್ಲಿ ಗುಂಗುರು ಕೂದಲೋರು ಹನ್ನೊಂದು ಜನ ಇದ್ದೀವಿ, ಎಲ್ರನ್ನೂ ಟೋಪಿಗೆ ಕಳಿಸ್ತೀನಿ. ಆದ್ರೆ ಇವರೇ ಹೊಲೀಲಿ. ಹೊಲಿಗೆ ಸೊಟ್ಟ ಇದ್ರೂ ಕೂದಲ ಕಷ್ಟ ಗೊತ್ತು ಇವರಿಗೆ."

"ರೀ," ಎಂದಳು ಹೆಂಡತಿ, "ಮಿಷನ್ ಹತ್ರದಿಂದ ಸ್ವಲ್ಪ ಸರೀರಿ. ಹಾಗೇ ಎಲಾಸ್ಟಿಕ್ ಒಂದಿಷ್ಟು ಕತ್ತರಿಸಿಕೊಡಿ."

ದರ್ಜಿ ಸರಿದ. ಸರಿದವನು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ ಹೊರಟ್ರಿ?"

"ತಲೆಯಿಂದ ಕೆಳಗೂ ಜನಕ್ಕೆ ಮೈ ಇರೋ ಊರಿಗೆ!"

ಯಾರಾದರೂ ಕರೆದಾರೆಂದು ಬೀದಿಯ ತಿರುವಿನವರೆಗೂ ನಿಧಾನಕ್ಕೇ ನಡೆದ. ಹಿಂದಿನಿಂದ ಮಿಷನ್ನಿನ ಸದ್ದು ಮಾತ್ರ ಕೇಳಿತು. ತಿರುವು ದಾಟಿದ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.