ಮಂಗಳವಾರದ ನೆಗೆತ

ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡದ್ದೇ ತಡ, ಗಡ್ಡದ ನೊರೆಯೊಳಗೆ ಅವನಿಗೆ ನಗು ಉಕ್ಕಿತು. ಬ್ಲೇಡು ಗಲ್ಲದ ಮೇಲೆ ಸರಕ್ಕನೆ ಜಾರಿ ಒಂದು ಹನಿ ರಕ್ತ ಬಂತು. ಅದನ್ನು ನೋಡಿ ಇನ್ನಷ್ಟು ನಗು. ಐವತ್ತೊಂದು ವರ್ಷದ ಮನುಷ್ಯ ಬೆಳಗಿನ ಏಳು ಗಂಟೆಗೆ ಕನ್ನಡಿಯೆದುರು ಒಬ್ಬನೇ ನಗುವುದು ಅಂಥ ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೂ ಗೊತ್ತಿತ್ತು.

ಹೆಂಡತಿ ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದಳು. ಇಪ್ಪತ್ತಮೂರು ವರ್ಷದ ಹಿಂದೆ ಒಂದು ಮಂಗಳವಾರ ತಾನು ಆಫೀಸಿಗೆ ಹೋಗಿರಲೇ ಇಲ್ಲ, ಊರಾಚೆಯ ಕಲ್ಲುಕ್ವಾರಿಯ ನೀರಿನಲ್ಲಿ ಸಂಜೆಯವರೆಗೆ ಈಜುತ್ತಿದ್ದೆ ಎಂದು ಅವನು ಹೇಳಿದ. ಅವಳು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿದಳು.

"ನಿಮಗೆ ಈಜು ಬರುತ್ತಾ?"

"ಬರುತ್ತೆ."

"ನನಗೆ ಗೊತ್ತೇ ಇರಲಿಲ್ಲ."

ಆಮೇಲೆ ಅವಳು, ಯಾವ ಮಂಗಳವಾರ, ಆ ರೇಟು ಏರಿತಲ್ಲ ಆ ಮಂಗಳವಾರವೇ ಎಂದು ವಿಚಾರಿಸಿದಳು. ಆವತ್ತು ಬೀದಿಯಲ್ಲೆಲ್ಲ ಗಲಾಟೆಯೋ ಗಲಾಟೆ, ಒಂದು ಸೋಪಿಗಾಗಿ ತಾನು ಮೂರು ಅಂಗಡಿ ಅಲೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ ಎಂದಳು. ಅವನು ನಗು ತಡೆಯಲಾರದೆ ಮುಖವನ್ನು ಟವೆಲ್ಲಿನಲ್ಲಿ ಹುದುಗಿಸಿಕೊಂಡ. ಗಲಾಟೆ ಆಗಿರಲೇ ಇಲ್ಲ. ರೇಟು ಏರಿರಲೇ ಇಲ್ಲ. ಏರಿಸಿದವನು ಅವನು.

ಅವನ ಕೆಲಸ ತೀರ ಸರಳ. ಎರಡು ದೇಶಗಳ ಎರಡು ಹಣ. ಆಫೀಸಿನವರ ಬಾಯಲ್ಲಿ ಒಂದು ಈಚೆ ಹಣ, ಇನ್ನೊಂದು ಆಚೆ ಹಣ. ನೂರು ಆಚೆಗೆ ಈಚೆಯದು ಎಷ್ಟು ಎಂಬುದನ್ನು ದಿನಾ ಬರೆದಿಡಬೇಕು. ಆಗೆಲ್ಲ ಹನ್ನೊಂದು ಗಂಟೆಗೆ ಹಣದ ಪೇಟೆಯ ದೊಡ್ಡ ಹಜಾರಕ್ಕೆ ಹೋಗಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುತ್ತಿದ್ದ. ಮೂರು ಗಂಟೆಗೆ ಹಲಗೆ ಒರೆಸಿಬಿಡುತ್ತಿದ್ದರು. ವಾರಕ್ಕೊಮ್ಮೆ ಅವನ ನೋಟ್‌ಬುಕ್ಕಿನಿಂದ ಒಂದು ಹಾಳೆ ಅಚ್ಚಾಗುತ್ತಿತ್ತು. ಪತ್ರಿಕೆಯವರು, ಬ್ಯಾಂಕಿನವರು, ಕೊನೆಗೆ ಆಚೆ ದೇಶದವರು ಕೂಡ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಬಿಂದುವಿನಾಚೆ ಎರಡು ಅಂಕಿ ಇಲ್ಲದೆ ಅವನು ಉಸಿರನ್ನೂ ಬಿಡುವುದಿಲ್ಲ ಎಂದು ಸಹೋದ್ಯೋಗಿಗಳು ಅವನಿಗೆ ದಶಾಂಶ ಎಂದು ಹೆಸರಿಟ್ಟಿದ್ದರು.

ಆ ಮಂಗಳವಾರ ಬಸ್ಸಿನ ಕಿಟಕಿಯಿಂದ ಕ್ವಾರಿಯ ನೀರು ಕಂಡಿತು, ಇಳಿದುಬಿಟ್ಟ. ಯಾಕೆ ಎಂದರೆ ಉತ್ತರವಿಲ್ಲ. ಪ್ಯಾಂಟು, ಶರ್ಟು, ಟೈ ಎಲ್ಲವನ್ನೂ ಒಂದು ಪೊದೆಯ ಮೇಲೆ ಹರವಿ ನೀರಿಗೆ ಹಾರಿದ. ತಾನು ಈಗ ಎಲ್ಲಿದ್ದೇನೆಂದು ಈ ಭೂಮಿಯ ಮೇಲೆ ಒಂದು ನರಪಿಳ್ಳೆಗೂ ಗೊತ್ತಿಲ್ಲ ಎಂದು ಹೊಳೆದಾಗ ಅವನಿಗೆ ಎಂಥ ಸಂತೋಷವಾಯಿತೆಂದರೆ, ಅಂಗಾತ ತೇಲುತ್ತ ಗಟ್ಟಿಯಾಗಿ ತನ್ನ ಹೆಸರನ್ನು ತಾನೇ ಎರಡು ಸಲ ಕೂಗಿಕೊಂಡ. ದಡಕ್ಕೆ ಬರುವಾಗ ಕಲ್ಲೊಂದು ಎಡಗಾಲಿನ ಪಾದ ಸೀಳಿತು. ಅದೂ ಚೆನ್ನಾಗಿಯೇ ಇತ್ತು.

ಮರುದಿನ ನೋಟ್‌ಬುಕ್ಕಿನಲ್ಲಿ ಒಂದು ಖಾಲಿ ಸಾಲು. ಸೋಮವಾರ 402.15, ಬುಧವಾರ 402.40. ಬುದ್ಧಿಯಿದ್ದವನು ನಡುವೆ 402.30 ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದ. ಅವನ ಮೈಯಿಂದ ನೀರಿನ ಅಮಲು ಇನ್ನೂ ಇಳಿದಿರಲಿಲ್ಲ, 431.70 ಎಂದು ಬರೆದ. ಹಾಜರಿ ಪುಸ್ತಕದಲ್ಲಿ ಮಂಗಳವಾರದ ಸಹಿಯನ್ನೂ ಹಾಕಿದ. ಯಾರಾದರೂ ಬಂದು ಕೊರಳಪಟ್ಟಿ ಹಿಡಿಯುತ್ತಾರೆಂದು ಒಂದು ವಾರ ಕಾದ. ಯಾರೂ ಬರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಲೋಕದಲ್ಲಿ ಕೊರತೆಯೇ? ಎರಡು ವರ್ಷದಲ್ಲಿ ಆ ಏರಿಕೆಯ ಮೇಲೆ ಮೊದಲ ಲೇಖನ ಬಂತು. ಒಬ್ಬರು ಯುದ್ಧದ ವದಂತಿ ಎಂದರು, ಒಬ್ಬರು ಮಂತ್ರಿಯ ಕಾಯಿಲೆ ಎಂದರು, ಮತ್ತೊಬ್ಬರು ಇಬ್ಬರೂ ಸರಿ ಎಂದರು. ಅದಕ್ಕೆ ಮಂಗಳವಾರದ ನೆಗೆತ ಎಂದು ಹೆಸರು ಬಿತ್ತು. ಶಾಲೆಯ ಪುಸ್ತಕದಲ್ಲಿ ಅದರ ನಕ್ಷೆ ಬಂತು, ಬೋಳುತಲೆಯ ಮೇಲೆ ಎದ್ದುನಿಂತ ಒಂಟಿ ಕೂದಲಿನ ಹಾಗೆ. ನೆಗೆತದ ಮೂರು ಕಾರಣಗಳನ್ನು ಮಗಳಿಗೆ ಉರುಹೊಡೆಸಿದವನೂ ಅವನೇ. ಅವಳಿಗೆ ಪೂರ್ತಿ ಅಂಕ ಸಿಕ್ಕಿತ್ತು.

ಇವತ್ತು ನಾಲ್ಕು ಗಂಟೆಗೆ ನೂರು ವರ್ಷದ ರೇಟುಗಳ ದೊಡ್ಡ ಸಂಪುಟ ಅಚ್ಚಿಗೆ ಹೋಗುತ್ತದೆ. ಮೂಲದೊಂದಿಗೆ ತಾಳೆ ನೋಡಲಾಗಿದೆ ಎಂದು ಪ್ರತಿ ಪುಟದ ಕೆಳಗೂ ಅವನು ಸಹಿ ಹಾಕಬೇಕು. ಆರುನೂರ ಹನ್ನೊಂದು ಪುಟಕ್ಕೆ ಹಾಕಿದ್ದಾಯಿತು, ಒಂದು ಬಾಕಿ. ಅದಕ್ಕೂ ಹಾಕಿದರೆ ಆ ಮಂಗಳವಾರ ಅವನು ಆಫೀಸಿನಲ್ಲಿ ಇದ್ದ ಎಂದೇ ಆಗುತ್ತದೆ, ಶಾಶ್ವತವಾಗಿ. ಬಾಳಿನಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಆ ಒಂದು ದಿನ. ಕೆಲಸ ಹೋದರೂ ಸರಿ, ಪಿಂಚಣಿ ಹೋದರೂ ಸರಿ, ನೀನು ಆವತ್ತು ಅಲ್ಲಿರಲಿಲ್ಲ ಎಂದು ಯಾರಾದರೂ ಒಬ್ಬರು ಒಪ್ಪಿದರೆ ಸಾಕು ಎನಿಸಿತ್ತು ಅವನಿಗೆ.

ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ನಿರ್ದೇಶಕರು ಪೆನ್ಸಿಲ್ ಹೆರೆಯುತ್ತಿದ್ದರು. ಅವರು ದಿನಕ್ಕೆ ಆರು ಪೆನ್ಸಿಲ್ ಹೆರೆಯುವವರು, ಒಂದರಲ್ಲೂ ಬರೆದದ್ದನ್ನು ಯಾರೂ ಕಂಡವರಿಲ್ಲ. ಎದುರಿನ ಕುರ್ಚಿಯಲ್ಲಿ ಸಂಶೋಧಕಿ ಕುಳಿತಿದ್ದಳು. ಮಂಗಳವಾರದ ನೆಗೆತದ ಮೇಲೆ ಎಂಟು ವರ್ಷ ಸವೆಸಿದವಳು. ಅವಳ ಪುಸ್ತಕವೂ ಈ ಸಂಪುಟದ ಜೊತೆಗೇ ಹೊರಬರಬೇಕು. ಇಬ್ಬರೂ ಸಿಕ್ಕಿದ್ದು ಒಳ್ಳೆಯದೇ ಆಯಿತೆಂದು ಅವನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ. ಹೇಳುತ್ತ ಹೇಳುತ್ತ ಮೈ ಹಗುರಾಗಿ, ನೀರಿಗೆ ಹಾರಿದ್ದನ್ನು ಕೈ ಚಾಚಿ ತೋರಿಸಲು ಹೋಗಿ ಮೇಜಿನ ಮೇಲಿನ ಪೆನ್ಸಿಲುಗಳನ್ನು ಚೆಲ್ಲಿದ.

ನಿರ್ದೇಶಕರು ಮೊದಲು ನಕ್ಕರು. ಆಮೇಲೆ ಬಾಗಿಲು ಹಾಕಿಸಿದರು.

"ಆಧಾರ ಏನು?"

"ನಾನೇ ಆಧಾರ."

"ನೀವು ಹೇಗೆ ಆಧಾರ ಆಗ್ತೀರಿ? ಆವತ್ತು ನೀವು ಅಲ್ಲಿರಲೇ ಇಲ್ಲ ಅಂತೀರಲ್ಲ."

ನಿರ್ದೇಶಕರು ಹಳೆಯ ಹಾಜರಿ ಪುಸ್ತಕ ತರಿಸಿದರು. ಅವನ ಸಹಿ ಇತ್ತು. ನೋಟ್‌ಬುಕ್ಕು ತರಿಸಿದರು, ಅವನ ಕೈಬರಹ, ಬಿಂದುವಿನಾಚೆ ಎರಡು ಅಂಕಿ. ನಿಜ ಅನ್ನೋದಕ್ಕೆ ಇಷ್ಟೆಲ್ಲ ಇದೆ, ಸುಳ್ಳು ಅನ್ನೋದಕ್ಕೆ ಒಂದು ಚೂರು ಕಾಗದ ತನ್ನಿ, ಈಗಲೇ ಪುಟ ತಡೀತೀನಿ ಎಂದು ನಿರ್ದೇಶಕರು ತುಂಬ ನ್ಯಾಯವಾಗಿಯೇ ಹೇಳಿದರು.

ಅವನಿಗೆ ಥಟ್ಟನೆ ಕಾಲು ನೆನಪಾಯಿತು. ಎಡಗಾಲಿನ ಬೂಟು ಕಿತ್ತ, ಕಾಲುಚೀಲ ಎಳೆದು ಎಸೆದ, ಬರಿಗಾಲನ್ನು ಕುರ್ಚಿಯ ಮೇಲಿಟ್ಟ. ಹೆಬ್ಬೆರಳಿನಿಂದ ಹಿಮ್ಮಡಿಯ ಕಡೆಗೆ ಬಿಳಿಯ ಗೆರೆ. ಕ್ವಾರಿಯ ಕಲ್ಲು, ನೋಡಿ, ಎಂದ. ಇಂಥ ಆನಂದವನ್ನು ಅವನು ಈ ಕೋಣೆಯಲ್ಲಿ ಎಂದೂ ಅನುಭವಿಸಿರಲಿಲ್ಲ.

ಸಂಶೋಧಕಿ ಕನ್ನಡಕ ಹಾಕಿಕೊಂಡು ಬಗ್ಗಿ, ಹಳೆಯ ಪತ್ರವನ್ನು ಪರೀಕ್ಷಿಸುವ ಶ್ರದ್ಧೆಯಿಂದ ಪಾದವನ್ನು ನೋಡಿದಳು.

"ಇದರಲ್ಲಿ ತಾರೀಕು ಇಲ್ಲವಲ್ಲ," ಎಂದಳು.

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅನುಕಂಪವೇ ಇತ್ತು. ಇಷ್ಟು ವರ್ಷ ಒಂದೇ ಅಂಕಿಯ ಜೊತೆ ಇದ್ದವರಿಗೆ ಹೀಗಾಗುವುದುಂಟು, ತನಗೂ ಒಮ್ಮೆ ಆಗಿತ್ತು ಎಂದಳು. ಎರಡು ಬೀದಿಯಾಚೆ ಹಣ ಬದಲಿಸುವ ಅಂಗಡಿಯ ಮುದುಕ ಆ ದಿನವನ್ನು ಕಣ್ಣಾರೆ ಕಂಡವನು, ಬನ್ನಿ, ಅವನ ಬಾಯಿಂದಲೇ ಕೇಳಿ ಎಂದು ಎದ್ದಳು. ಕಾಲುಚೀಲ ಎಲ್ಲಿ ಬಿತ್ತೋ ಸಿಗಲಿಲ್ಲ. ಬರಿಗಾಲಿಗೇ ಬೂಟು ತುರುಕಿಕೊಂಡು ಅವನು ಹೊರಟ. ಮುದುಕನ ಸುಳ್ಳನ್ನು ಮುಖದ ಮೇಲೇ ಹಿಡಿಯುತ್ತೇನೆಂಬ ಉಮೇದಿನಲ್ಲಿ ಚರ್ಮ ಉಜ್ಜಿ ಕಾಲು ಕುಂಟುತ್ತಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಅಂಗಡಿ ಎಂದರೆ ಒಂದು ಕಿಂಡಿ, ಒಂದು ಸ್ಟೂಲು, ಗಾಜಿನ ಹಿಂದೆ ಮುದುಕ. ಸಂಶೋಧಕಿ ಕೇಳುವುದೇ ತಡ, ಆತ ಶುರುಮಾಡಿದ. ಬೆಳಿಗ್ಗೆ ಒಂಬತ್ತಕ್ಕೇ ಸಾಲು ಮೂಲೆ ತಿರುಗಿತ್ತು, ಹೆಂಗಸರು ಅಳುತ್ತಿದ್ದರು, ಒಬ್ಬಾತ ಆಚೆ ಹಣವನ್ನು ಕಾಲುಚೀಲದಲ್ಲಿ ತುಂಬಿಕೊಂಡು ಬಂದಿದ್ದ ಎಂದ. ಮುದುಕನ ಕಣ್ಣಿನಲ್ಲಿ ನೀರು ಬಂತು. ಅದು ನಾಟಕವಲ್ಲ, ನಾಟಕವಾಗಿದ್ದರೆ ಹಿಡಿಯಬಹುದಿತ್ತು.

"ಆವತ್ತು ಯಾವ ಸಾಲೂ ಇರಲಿಲ್ಲ," ಎಂದು ಅವನು ಗಾಜಿಗೆ ಬಾಯಿಯಿಟ್ಟು ಹೇಳಿದ.

ಮುದುಕ ಅವನ ಮುಖ ನೋಡಿದ, ಕಾಲು ನೋಡಿದ, ಮತ್ತೆ ಮುಖ ನೋಡಿದ.

"ನೀವೂ ಇದ್ರಲ್ಲ. ನೂಕಾಟದಲ್ಲಿ ಕಾಲಿಗೆ ಪೆಟ್ಟಾಗಿ ಇದೇ ಸ್ಟೂಲ್ ಮೇಲೆ ಕೂತಿದ್ರಿ. ನಾನೇ ಬಟ್ಟೆ ಕಟ್ಟಿದ್ದು. ಎಡಗಾಲು ಅಲ್ವಾ?"

ಸಂಶೋಧಕಿ ಮೆಲ್ಲಗೆ ರೆಕಾರ್ಡರಿನ ಗುಂಡಿ ಒತ್ತಿದಳು. ಎಂಟು ವರ್ಷದಲ್ಲಿ ಮೊದಲ ಸಲ ತನಗೆ ಇಬ್ಬರು ಸಾಕ್ಷಿಗಳು ಒಟ್ಟಿಗೆ ಸಿಕ್ಕಿದ್ದಾರೆ ಎಂದಳು. ನಿರ್ದೇಶಕರಿಗೆ ಸುದ್ದಿ ಕೊಟ್ಟು, ಆ ಪುಟವನ್ನು ಇಲ್ಲಿಗೇ ತರುತ್ತೇನೆ, ಕಾಲುನೋವಿನಲ್ಲಿ ನೀವು ನಡೆಯಬೇಡಿ ಎಂದು ಓಡಿದಳು. ಮುದುಕ ಊಟದ ಹೊತ್ತಾಯಿತೆಂದು ಅವನನ್ನು ಹೊರಗೆ ಕಳಿಸಿ, ಒಳಗಿನಿಂದ ಷಟರ್ ಎಳೆದುಕೊಂಡ.

ಅವನು ಷಟರಿನ ಮುಂದೆ ನಿಂತ. ನಗು ಬರುತ್ತಲೇ ಇತ್ತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ಕ್ವಾರಿಯ ನೀರನ್ನು ನೆನೆಯಲು ಕಣ್ಣುಮುಚ್ಚಿದ. ತಣ್ಣಗಿತ್ತೇ? ಹಸಿರಾಗಿತ್ತೇ? ಪೊದೆ ಕಾಣಿಸಿತು, ಟೈ ಕಾಣಿಸಿತು. ಆಮೇಲೆ ತಲೆಗಳು, ಬೆವರಿನ ವಾಸನೆ, ಯಾರೋ ಅಳುವುದು, ಆ ಸ್ಟೂಲು. ಥತ್ ಎಂದು ಕಣ್ಣುಬಿಟ್ಟ. ಭಯವಾಯಿತು. ಭಯದಲ್ಲೂ ತಲೆ ಗಿರ್ರೆಂದು ಸುತ್ತುವ ಏನೋ ಖುಷಿ ಇತ್ತು, ಬಾಲ್ಯದಲ್ಲಿ ನಿಂತಲ್ಲೇ ಸುತ್ತು ಹಾಕಿ ಬಿದ್ದಾಗ ಆಗುತ್ತಿದ್ದಂಥದು.

ಚೀಲ ಹಿಡಿದ ಒಬ್ಬ ಹೆಂಗಸು ಬಂದು ಅವನ ಹಿಂದೆ ನಿಂತಳು.

"ತುಂಬ ಹೊತ್ತಾಯ್ತಾ ನಿಂತು?"

ಹೌದೆನ್ನದೆ ಇರಲು ಕಾರಣವೇನೂ ಕಾಣದೆ ಅವನು ತಲೆಯಾಡಿಸಿದ. ಅವಳ ಹಿಂದೆ ಒಬ್ಬ ದರ್ಜಿ ನಿಂತ, ಕೊರಳಲ್ಲಿ ಇನ್ನೂ ಟೇಪು. ಅವನ ಹಿಂದೆ ಗಂಡಹೆಂಡತಿ. ಟೈ ಕಟ್ಟಿದ ಮನುಷ್ಯ ಹಾಡಹಗಲೇ ಹಣದಂಗಡಿಯ ಮುಚ್ಚಿದ ಬಾಗಿಲಿಗೆ ಕಾಯುತ್ತಿದ್ದಾನೆಂದರೆ ಸುಮ್ಮನೆ ಇರಲಿಕ್ಕಿಲ್ಲ. ರೇಟು ಬಿತ್ತಂತಾ ಎಂದು ಯಾರೋ ಕೇಳಿದರು, ಬಿದ್ದದ್ದಲ್ಲ ಏರಿದ್ದು ಎಂದು ಇನ್ಯಾರೋ ಹೇಳಿದರು. ಕಾಲು ಗಂಟೆಯಲ್ಲಿ ಸಾಲು ಮೂಲೆ ತಿರುಗಿತು. ಇಲ್ಲಿ ಏನೂ ಇಲ್ಲ, ಮುದುಕ ಊಟಕ್ಕೆ ಹೋಗಿದ್ದಾನಷ್ಟೆ ಎಂದು ಅವನು ಹಿಂದಿನವಳಿಗೆ ತಿಳಿಸಿದ. ಹೀಗೆ ಹೇಳಿ ಹೇಳಿಯೇ ನಮ್ಮನ್ನು ಕಳಿಸೋದು ಎಂದು ಅವಳು ಇನ್ನೂ ಹತ್ತಿರ ಸರಿದಳು.

ಹೊರಬರೋಣವೆಂದರೆ ಎಡಕ್ಕೆ ಗೋಡೆ, ಬಲಕ್ಕೆ ಜನ. ದೂರದಲ್ಲಿ, ಸಾಲಿನ ಕೊನೆಗೆ, ಸಂಶೋಧಕಿ ಕಂಡಳು. ಒಂದು ಕೈಯಲ್ಲಿ ಅವನು ಸಹಿ ಹಾಕಬೇಕಾದ ಪುಟ, ಇನ್ನೊಂದರಲ್ಲಿ ರೆಕಾರ್ಡರು. ಏನಾಯಿತೆಂದು ಅವಳು ಕೇಳುತ್ತಿದ್ದಳು, ಎಲ್ಲರೂ ಒಟ್ಟಿಗೇ ಹೇಳುತ್ತಿದ್ದರು. ಅವಳು ರೆಕಾರ್ಡರನ್ನು ಒಬ್ಬೊಬ್ಬರ ಬಾಯಿಗೂ ಹಿಡಿಯುತ್ತ ಬರುತ್ತಿದ್ದಳು.

ನಾನು ಇಲ್ಲಿದ್ದೇನೆ ಎಂದೋ, ನಾನು ಇಲ್ಲಿರಲಿಲ್ಲ ಎಂದೋ, ಏನು ಹೇಳಬೇಕೆಂದು ಖಚಿತವಾಗುವ ಮೊದಲೇ ಅವನು ತಲೆಗಳ ಮೇಲೆ ಕೈ ಎತ್ತಿದ. ಬಾಗಿಲು ತೆರೆಯಿತೆಂದುಕೊಂಡು ಸಾಲಿಗೆ ಸಾಲೇ ಮುಂದಕ್ಕೆ ನುಗ್ಗಿತು.