ಕಂದು ಕಲ್ಲು, ನಾಲ್ಕು ಬೆರಳು

ಮೇಸ್ತ್ರಿ ಅಚ್ಚುಕಟ್ಟಿನ ಮನುಷ್ಯ. ಒಂದು ಕಲ್ಲಿಗೆ ಒಂದು ಬೆರಳು ಎಂದಮೇಲೆ ಒಂದೇ. ಸಿಟ್ಟು ಬಂತೆಂದು ಎರಡು ಮುರಿಯುವವನಲ್ಲ. ಕೊಂಡವರಿಂದ ವಾಪಸು ಬಂದ ತವರದ ಅದಿರಿನ ಚೀಲದಲ್ಲಿ ಕಸದಂಥ ನಾಲ್ಕು ಕಂದು ಕಲ್ಲು ಸಿಕ್ಕಿದ್ದವು. ಹಾಗಾಗಿ ಹೊರೆಯಾಳುಗಳಿಬ್ಬರು ತಮ್ಮನ ಬಲಗೈಯನ್ನು ಅದಿರು ಆರಿಸುವ ಕಟ್ಟೆಗೆ ಒತ್ತಿ ಹಿಡಿದಿದ್ದರು. ಕಿರುಬೆರಳು, ಉಂಗುರದ ಬೆರಳು ಆಗಿಹೋಗಿದ್ದವು.

ಅಕ್ಕ ಎದುರಿಗೇ ನಿಂತಿದ್ದಳು. ತಮ್ಮ ಸುರಂಗದಲ್ಲಿ ಅಗೆದು ತಂದ ರಾಶಿಯಿಂದ ಬೆಣಚುಕಲ್ಲು, ಅಭ್ರಕ ಎಸೆದು ಕರೀ ತವರದ ಕಲ್ಲನ್ನು ಚೀಲಕ್ಕೆ ತುಂಬುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಅಂಗೈಯಲ್ಲೇ ತೂಕ ಹೇಳುತ್ತಿದ್ದುದರಿಂದ ಎಲ್ಲರಿಗೂ ಅವಳು ತಕ್ಕಡಿ. ಆ ಕಂದು ಕಲ್ಲುಗಳನ್ನು ಚೀಲಕ್ಕೆ ಹಾಕಿದ್ದೂ ಅವಳೇ. ಬಣ್ಣ ಕಸದ ಹಾಗಿತ್ತು. ಅಂಗೈ ಮಾತ್ರ ಬೇರೆಯೇ ಹೇಳಿತ್ತು.

“ನಾನೇ ಹಾಕಿದ್ದು ಮೇಸ್ತ್ರಿ. ಅವನಿಗೆ ಗೊತ್ತೇ ಇಲ್ಲ.”

“ಒಡಹುಟ್ಟಿದವಳು ಇನ್ನೇನು ಹೇಳ್ತೀಯ? ಚೀಲದ ಮೇಲೆ ಯಾರ ಗುರುತಿದೆ?”

ಗುರುತು ತಮ್ಮನದು. ಅವನು ಬೆವರು ಸುರಿಸುತ್ತಲೇ ನಕ್ಕ. “ಸುಮ್ನಿರಕ್ಕ. ಇವರು ಸುತ್ತಿಗೆ ಹಿಡಿಯೋ ಚಂದಕ್ಕೆ ಮೂರನೇದು ಗುರಿ ತಪ್ಪುತ್ತೆ.”

ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಅದು ಗುರಿ ತಪ್ಪಲಿಲ್ಲ.

ಮೂಲೆಯಲ್ಲಿ ಅದಿರು ಪರೀಕ್ಷಿಸುವ ಕನ್ನಡಕದವನು ತನ್ನ ಬೂಟು ನೋಡುತ್ತ ನಿಂತಿದ್ದ. ಯಾರಿಗಾದರೂ ಹೊಡೆತ ಬೀಳುವಾಗಲೆಲ್ಲ ಅವನ ಬೂಟಿನಲ್ಲಿ ಏನೋ ವಿಶೇಷ ಕಾಣುತ್ತಿತ್ತು. ಅಕ್ಕ ಅವನ ಮೇಜಿನ ಸಣ್ಣ ತಕ್ಕಡಿಯನ್ನು ಎತ್ತಿಕೊಂಡಳು. ಅವನು ಬೇಡವೆನ್ನಲಿಲ್ಲ. ಒಂದು ತಟ್ಟೆಗೆ ಕಂದು ಕಲ್ಲು, ಇನ್ನೊಂದಕ್ಕೆ ಕರೀ ಕಲ್ಲಿನ ಚೂರುಗಳನ್ನು ಹಾಕಿ ಮುಳ್ಳು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಎರಡೂ ತಟ್ಟೆಗಳನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟಳು. ಕಂದು ಕಲ್ಲಿನ ತಟ್ಟೆ ಮೆಲ್ಲಗೆ ಕೆಳಗೆ ಹೋಯಿತು.

“ಕಸವಾಗಿದ್ರೆ ಈ ತಟ್ಟೆ ನೀರಲ್ಲಿ ಮೇಲೇಳ್ತಿತ್ತು ಮೇಸ್ತ್ರಿ. ಇದು ತವರದ ಕಲ್ಲಿಗಿಂತ ಭಾರ. ಅವನ ಕೈ ಬಿಡಿ.”

ಕನ್ನಡಕದವನಿಗೆ ಈಗ ಬೂಟು ಮರೆತುಹೋಯಿತು. ಕಲ್ಲನ್ನು ಬೆಳಕಿಗೆ ಹಿಡಿದ. “ತವರದ ಜೊತೆ ಟ್ಯಾಂಟಲಮ್ ಅನ್ನೋ ದುಬಾರಿ ಲೋಹ ಸೇರಿರೋದು. ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ. ತವರದ ಹತ್ತು ಚೀಲ ಇದರ ಒಂದು ಚೀಲಕ್ಕೆ ಸಮ ಅಲ್ಲ.”

ತಮ್ಮನ ಕೈ ಉಳಿಯಿತು ಎಂದುಕೊಂಡಳು ಅಕ್ಕ. ಮೇಸ್ತ್ರಿಯ ಮುಖ ಅರಳಿತು. ಅರಳಿದ ಮುಖದಲ್ಲೇ ಸುತ್ತಿಗೆ ಎತ್ತಿ ನಡುಬೆರಳು ಜಜ್ಜಿದ. ಈವರೆಗೆ ಕಸ ಬೆರೆಸಿದ್ದಕ್ಕೆ ಪೆಟ್ಟು, ಈಗ ನಿಧಿ ಬಚ್ಚಿಟ್ಟಿದ್ದಕ್ಕೆ.

“ಎಲ್ಲಿ ಸಿಕ್ತು?”

ತಮ್ಮ ಏದುಸಿರಿನ ನಡುವೆ ಹೇಳಿದ. “ಕಂಬದ ಬುಡದಲ್ಲಿ. ಉದುರಿ ಬಿದ್ದಿತ್ತು, ರಾಶಿಗೆ ಬಾಚಿಕೊಂಡೆ.”

ಕಂಬವೆಂದರೆ ಸುರಂಗದ ನಡುವೆ ಅಗೆಯದೆ ಬಿಟ್ಟ ಬಂಡೆ. ಮೇಲಿನ ಗುಡ್ಡ ನಿಂತಿರುವುದೇ ಅದರ ಮೇಲೆ. ಕೆಲಸಕ್ಕೆ ಸೇರಿದ ದಿನ ಕಲಿಸುವ ಮೊದಲ ಪಾಠ, ಅದಕ್ಕೆ ಹಾರೆ ಸೋಕಿಸಬಾರದು ಎಂಬುದು.

“ಕಂಬ ಮುಟ್ಟಬೇಡಿ ಮೇಸ್ತ್ರಿ,” ಎಂದಳು ಅಕ್ಕ. “ಉದುರೋಕೆ ಶುರುವಾಗಿದೆ ಅಂದ್ರೆ ಆಗಲೇ ಭಾರ ತಡೀತಿಲ್ಲ.”

“ನೀನು ಆಮೇಲೆ ಬಾಚ್ಕೊಳ್ಳೋಕಾ?” ಕೆನ್ನೆಗೆ ಬಿದ್ದ ಏಟಿಗೆ ಅವಳ ದವಡೆಯ ಹಲ್ಲೊಂದು ಕಿತ್ತುಬಂತು. ಅದನ್ನು ಉಗಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎರಡನೇ ಸಲ ಹೇಳಲಿಲ್ಲ.

ಮೇಸ್ತ್ರಿ ಯಾರನ್ನೂ ನಂಬುವವನಲ್ಲ. ನಾಲ್ಕನೇ ಬೆರಳನ್ನು ಬಂದಮೇಲೆ ನೋಡಿಕೊಳ್ಳುತ್ತೇನೆಂದು, ಹೊರೆಯಾಳುಗಳನ್ನು ಸುರಂಗದ ಬಾಯಲ್ಲಿ ಕಾವಲಿಗೆ ನಿಲ್ಲಿಸಿ, ದೀಪ, ಹಾರೆ ಹಿಡಿದು ತಾನೇ ಒಳಹೊಕ್ಕ. ಒಳಗಿನಿಂದ ಏಟಿನ ಸದ್ದು ಬರತೊಡಗಿತು. ಮೊದಲು ಗಟ್ಟಿ, ಆಮೇಲೆ ಟೊಳ್ಳು. ಅಕ್ಕ ತಮ್ಮನನ್ನು ದೂರದ ಮರದಡಿಗೆ ನಡೆಸಿಕೊಂಡು ಹೋದಳು. ಹೊರೆಯಾಳುಗಳತ್ತ ನೋಡಿ, “ನೀವೂ ಬನ್ರಪ್ಪ ಈಚೆ. ಕೈ ಹಿಡಿದವರು ಪಟ್ಟಿ ಕಟ್ಟೋಕೂ ಹಿಡೀರಿ,” ಎಂದಳು. ಅವರು ಮುಖಮುಖ ನೋಡಿಕೊಂಡು, ತಲೆ ತಗ್ಗಿಸಿ ಬಂದರು.

ಅವರು ಮರ ಮುಟ್ಟುವಷ್ಟರಲ್ಲಿ ನೆಲ ಒಮ್ಮೆ ಕೆಮ್ಮಿತು. ಸುರಂಗದ ಬಾಯಿಂದ ಅಭ್ರಕದ ಪುಡಿ ಮಿರಿಮಿರಿ ಹಾರಿ ಎಲ್ಲರ ತಲೆಯ ಮೇಲೂ ಇಳಿಯಿತು. ಅದು ಅಡಗಿದ ಮೇಲೆ ಒಳಗಿನಿಂದ ಹಾರೆಯ ಸದ್ದು ಕೇಳಿಸಿತು. ಟಕ್, ಟಕ್. ಈ ಸಲ ಕಂಬಕ್ಕಲ್ಲ, ಹೊರಗಿನವರಿಗೆ.

“ಬದುಕಿದ್ದಾರೆ,” ಎಂದ ಓಡಿಬಂದ ಕನ್ನಡಕದವನು. “ಕುಸಿದ ಸುರಂಗಕ್ಕೆ ಮರದ ಆಸರೆ ಕೊಟ್ಟು ಅಗೆಯೋದು ಯಾರಿಗೆ ಗೊತ್ತು?”

ಎಲ್ಲರೂ ತಮ್ಮನ ಬಲಗೈ ನೋಡಿದರು. ಗೊತ್ತಿದ್ದವನು ಅವನೊಬ್ಬನೇ.

ಅವನೂ ಅದನ್ನೇ ನೋಡಿಕೊಂಡ. “ಒಂದು ಬೆರಳು ಉಳಿಸಿದ್ದಾರೆ, ಪುಣ್ಯಾತ್ಮರು. ಇದರಲ್ಲಿ ದಾರಿ ತೋರಿಸಬಹುದು, ಹಾರೆ ಹಿಡಿಯೋಕಾಗಲ್ಲ.”

ತೋರಿಸಿದ ಕೂಡ. ಹೊರೆಯಾಳುಗಳು ಅವನ ಬೆರಳು ಹೇಳಿದ ಕಡೆ ಅಗೆದರು. ಹೊರುವ ಕೈಗಳು ಅವು, ಅಗೆಯುವ ಕೈಗಳಲ್ಲ. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಜಾರಿ ಬೀಳುತ್ತಿತ್ತು. ಅಕ್ಕ ಸೆರಗು ಹರಿದು, ಜರಡಿಯ ಪಟ್ಟಿ ಮುರಿದು, ಮೂರು ಬೆರಳುಗಳನ್ನೂ ಒಂದೊಂದಾಗಿ ನೆಟ್ಟಗೆ ಮಾಡಿ ಕಟ್ಟತೊಡಗಿದಳು. ತಮ್ಮ ಹಲ್ಲು ಕಚ್ಚಿ ಕೂತಿದ್ದ.

ಎರಡನೇ ಬೆರಳು ಕಟ್ಟುವಾಗ ಸದ್ದು ಬರುತ್ತಲೇ ಇತ್ತು. ಮೂರನೆಯದರ ಗಂಟು ಬಿಗಿಯುವ ಹೊತ್ತಿಗೆ ಬರುತ್ತಿರಲಿಲ್ಲ.